ಹಬ್ಬದ ಊಟದಲ್ಲಿ ಮೀಸಲಾತಿ ಜಗಳ: ಅಪ್ಪನ ಜೊತೆ ಮತ್ತೆ ಹೇಗೆ ಮಾತಾಡಲಿ?

ಪ್ರಶ್ನೆ: ಮೇಡಂ, ನನಗೆ 32 ವರ್ಷ. ಊರು ತಿಪಟೂರಿನ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ನಮ್ಮದು ಲಿಂಗಾಯತ ಮನೆ, ತೆಂಗಿನ ತೋಟ ಇದೆ. ಈ ಯುಗಾದಿಗೆ ನನ್ನ ಗೆಳತಿಯನ್ನು ಊರಿಗೆ ಕರೆದುಕೊಂಡು ಹೋಗಿದ್ದೆ. ಆರು ವರ್ಷದಿಂದ ನಮ್ಮಿಬ್ಬರದು ಒಂದೇ ಆಫೀಸು. ಮೂರು ವರ್ಷ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ಅವಳು ದಲಿತ ಸಮುದಾಯದವಳು. ಇದು ಅಮ್ಮನಿಗೆ ಮಾತ್ರ ಗೊತ್ತಿತ್ತು. ಊಟಕ್ಕೆ ಕೂತಾಗ ಚಿಕ್ಕಪ್ಪ ನನ್ನ ತಮ್ಮನ ವಿಷಯ ಎತ್ತಿದರು. ಅವನು ಎರಡು ಸಲ ನೀಟ್ ಬರೆದರೂ ಎಂಬಿಬಿಎಸ್ ಸೀಟು ಸಿಗಲಿಲ್ಲ. ಈಗ ಆಯುರ್ವೇದ ಓದುತ್ತಿದ್ದಾನೆ. ‘ನಮ್ಮ ಹುಡುಗರಿಗೆ ಎಷ್ಟು ಮಾರ್ಕ್ಸ್ ಬಂದರೂ ಸೀಟಿಲ್ಲ. ಕೋಟಾದಲ್ಲಿ ಬಂದೋರಿಗೆ ಕತ್ತರಿ ಹಿಡಿಯೋಕೂ ಬರಲ್ಲ. ಅಂಥೋರ ಹತ್ರ ಹೋದ್ರೆ ಜೀವ ಉಳಿಯುತ್ತಾ?’ ಅಂದರು. ಅಪ್ಪಾಜಿ ಹೌದು ಅಂತ ತಲೆಯಾಡಿಸಿದರು. ಗೆಳತಿ ತಲೆ ಎತ್ತಲೇ ಇಲ್ಲ. ನನಗೆ ತಡೆಯಲಾಗಲಿಲ್ಲ. ಗೊತ್ತಿದ್ದ ಅಂಕಿಅಂಶವನ್ನೆಲ್ಲ ಹೇಳಿದೆ, ಕೂಗಾಡಿದೆ. ಕೊನೆಗೆ ಅಪ್ಪಾಜಿ ಕಡೆ ತಿರುಗಿ, ‘ನಾವೂ 3ಬಿ ಮೀಸಲಾತಿಯವರೇ ಅಲ್ವಾ? ತಮ್ಮನ ಜಾತಿ-ಆದಾಯ ಸರ್ಟಿಫಿಕೇಟಿಗೆ ನಾಡಕಚೇರಿಗೆ ಅಲೆದಿದ್ದು ನೀವೇ ತಾನೇ? ನಾಚಿಕೆ ಆಗಲ್ವಾ?’ ಅಂದುಬಿಟ್ಟೆ. ಅಪ್ಪಾಜಿ ಅರ್ಧ ಊಟಕ್ಕೇ ಎದ್ದು ಕೈ ತೊಳೆದರು. ಮೂರು ತಿಂಗಳಾಯಿತು, ನನ್ನ ಜೊತೆ ಮಾತಿಲ್ಲ. ಗೆಳತಿ ಆಫೀಸಿನಲ್ಲಿ ಮಾತಾಡುತ್ತಾಳೆ, ಆದರೆ ಮೊದಲಿನ ಹಾಗಲ್ಲ. ಅಮ್ಮ ‘ಹಬ್ಬದ ದಿನ ನಿನಗ್ಯಾಕೆ ಬೇಕಿತ್ತು’ ಅನ್ನುತ್ತಾರೆ. ಎಲ್ಲರೂ ಗೌರವದಿಂದ ಮಾತಾಡಬೇಕು ಅಂತ ಹೇಳುತ್ತಾರೆ. ಹಾಗಂದರೆ ತಪ್ಪು ಮಾತು ಕೇಳಿಕೊಂಡು ಸುಮ್ನಿರಬೇಕಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಕಂಡಿದ್ದು ಅಪ್ಪ-ಮಗಳ ಜಗಳ. ಎರಡನೇ ಸಲ ಕಂಡವಳು ತಲೆ ಎತ್ತದೆ ಕೂತಿದ್ದ ನಿಮ್ಮ ಗೆಳತಿ. ನೀವು ಕೇಳಿದ್ದು ಅಪ್ಪಾಜಿ ಬಗ್ಗೆ. ಆದರೆ ನನ್ನ ಉತ್ತರದಲ್ಲಿ ಅವಳೂ ಇರುತ್ತಾಳೆ. ಅವಳನ್ನು ಬಿಟ್ಟು ಈ ಗಂಟು ಬಿಡಿಸೋಕೆ ಆಗುವುದಿಲ್ಲ.

ನಿಮ್ಮ ಚಿಂತೆ ಎರಡು. ಅಪ್ಪಾಜಿ ಜೊತೆ ಮಾತು ಮತ್ತೆ ಶುರು ಮಾಡುವುದು ಹೇಗೆ ಅನ್ನೋದು ಒಂದು. ಗೌರವ ಅಂದರೆ ಬಾಯಿ ಮುಚ್ಚಿಕೊಂಡಿರೋದಾ ಅನ್ನೋದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸುಲಭ. ಅಲ್ಲ. ಮೊದಲನೆಯದಕ್ಕೆ ಸ್ವಲ್ಪ ಹೊತ್ತು ಬೇಕು.

ನಿಮಗೆ ಸಿಟ್ಟು ಬಂದಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಮನೆಗೆ ಬಂದ ಹೆಣ್ಣುಮಗಳ ಎದುರು ಅವಳ ಜನರ ಕೈಗುಣವನ್ನೇ ಹೀಗಳೆದರೆ ಯಾರಿಗಾದರೂ ರಕ್ತ ಕುದಿಯುತ್ತದೆ. ಅವಳ ಜಾತಿ ಚಿಕ್ಕಪ್ಪನಿಗೆ ಗೊತ್ತಿರಲಿಲ್ಲ, ನಿಜ. ಆದರೆ ಅವಳಿಗೆ ಅದು ಕೇಳಿಸಿತಲ್ಲ.

ಇಪ್ಪತ್ತೆರಡು ವರ್ಷದಿಂದ ಕುಟುಂಬಗಳ ಆಪ್ತ ಸಮಾಲೋಚನೆ ಮಾಡುತ್ತಿದ್ದೇನೆ. ಮನೆಮನೆಯಲ್ಲೂ ಒಂದು ವಿಷಯ ನೋಡಿದ್ದೇನೆ. ಮೊದಲು ಬಾಯಿ ಬಿಟ್ಟವರು ‘ಮಾತಾಡಿದರು’ ಅನ್ನಿಸಿಕೊಳ್ಳುತ್ತಾರೆ. ಅದಕ್ಕೆ ಉತ್ತರ ಕೊಟ್ಟವರು ‘ಜಗಳ ತೆಗೆದರು’ ಅನ್ನಿಸಿಕೊಳ್ಳುತ್ತಾರೆ. ‘ಹಬ್ಬದ ದಿನ ಇದೆಲ್ಲ ಬೇಡ’ ಅನ್ನುವ ಮಾತನ್ನು ಚಿಕ್ಕಪ್ಪನಿಗೆ ಯಾರೂ ಹೇಳಲಿಲ್ಲ. ನಿಮಗೆ ಮಾತ್ರ ಹೇಳಿದರು. ದೊಡ್ಡವರು, ಗಂಡಸರು ಆಡಿದರೆ ಅದು ಲೋಕಾಭಿರಾಮ. ಚಿಕ್ಕವರು, ಹೆಣ್ಣುಮಕ್ಕಳು ಆಡಿದರೆ ಅದು ಅಗೌರವ. ಈ ಲೆಕ್ಕ ಸರಿಯಿಲ್ಲ. ಗೌರವ ಅಂದರೆ ಮೆತ್ತಗೆ ಮಾತಾಡುವುದು ಅಂತ ನಾವು ಅಂದುಕೊಂಡಿದ್ದೇವೆ. ಚಿಕ್ಕಪ್ಪ ಮೆತ್ತಗೇ ಮಾತಾಡಿದರು ಅಲ್ವಾ? ಆ ಮಾತಿನಲ್ಲಿ ಗೌರವ ಇರಲಿಲ್ಲ.

ಇನ್ನೊಂದು ತಪ್ಪು ನಂಬಿಕೆ ನಿಮ್ಮ ಕಡೆಯದು. ಸರಿಯಾದ ಅಂಕಿಅಂಶ ಕೊಟ್ಟರೆ ಎದುರಿಗಿರುವವರು ಒಪ್ಪಲೇಬೇಕು ಅನ್ನುವ ನಂಬಿಕೆ. ಓದಿದವರಲ್ಲಿ ಇದು ಜಾಸ್ತಿ. ನಿಮ್ಮ 3ಬಿ ಮಾತನ್ನೇ ನೋಡಿ. ಅದು ನಿಜ. ಆದರೆ ಅಪ್ಪಾಜಿ ಕಿವಿಗೆ ಬಿದ್ದದ್ದು ‘3ಬಿ’ ಅಲ್ಲ, ‘ನಾಚಿಕೆ ಆಗಲ್ವಾ’. ಅದೂ ಚಿಕ್ಕಪ್ಪ, ಮಗ, ಹೊರಗಿನಿಂದ ಬಂದ ಅತಿಥಿ, ಇಷ್ಟು ಜನರ ಎದುರು. ಮಗನಿಗಾಗಿ ಬಿಸಿಲಲ್ಲಿ ನಾಡಕಚೇರಿಗೆ ಅಲೆದದ್ದನ್ನೇ ನೀವು ಎತ್ತಿ ಅವರ ಮುಖಕ್ಕೆ ಹೊಡೆದಿರಿ. ಆ ಅಲೆದಾಟದಲ್ಲಿ ಅವರಿಗೆ ಕಂಡಿದ್ದು ಮೀಸಲಾತಿ ಅಲ್ಲ, ಮಗ.

ನನ್ನ ಪ್ರಕಾರ ಇಡೀ ಜಗಳದ ಬೇರು ಇಲ್ಲಿದೆ. ಚಿಕ್ಕಪ್ಪ ಆಡಿದ್ದು ಮೀಸಲಾತಿ ಮಾತು. ಅಪ್ಪಾಜಿ ಕೇಳಿಸಿಕೊಂಡಿದ್ದು ಮಗನ ಮಾತು. ಎರಡು ವರ್ಷದ ಕೋಚಿಂಗ್ ಫೀಸು, ರ‍್ಯಾಂಕ್ ಬಂದ ದಿನ ಮನೆಯಲ್ಲಿ ಒಲೆ ಹಚ್ಚದೆ ಕೂತದ್ದು, ‘ಏನಾಯ್ತು ಸೀಟು’ ಅಂತ ನೆಂಟರು ಕೇಳಿದಾಗ ಹುಡುಕಿದ ಉತ್ತರ. ಎಂಬಿಬಿಎಸ್ ಸೀಟು ಸಿಗದ ಮಕ್ಕಳ ಎಷ್ಟೋ ಮನೆಗಳಲ್ಲಿ ನಾನು ಇದನ್ನೇ ಕಂಡಿದ್ದೇನೆ. ಆ ಸೋಲಿಗೆ ಯಾರಾದರೂ ಹೊಣೆ ಆಗಲೇಬೇಕು. ಹೊರಗಿನವರು ಯಾರೂ ಸಿಗದಿದ್ದರೆ ಹೊಣೆ ಮಗನ ಮೇಲೆ ಬರುತ್ತದೆ. ಇಲ್ಲವೇ ಚೆನ್ನಾಗಿ ಓದಿಸಲಾಗದ ತನ್ನ ಮೇಲೆ. ಎರಡನ್ನೂ ತಡೆದುಕೊಳ್ಳುವುದು ತಂದೆಗೆ ಕಷ್ಟ. ‘ಕೋಟಾದಿಂದ ಹೋಯಿತು’ ಅನ್ನುವ ಮಾತು ಅವರಿಗೆ ಮುಲಾಮಿನ ಹಾಗೆ. ನೀವು ಆ ಮುಲಾಮನ್ನೇ ಕಿತ್ತಿರಿ. ಕೆಳಗಿದ್ದ ಗಾಯವನ್ನು ಯಾರೂ ನೋಡಲಿಲ್ಲ.

ದೇಹವೂ ಇದರಲ್ಲಿ ಪಾಲುದಾರ. ದಂಪತಿಗಳ ಜಗಳವನ್ನು ಹತ್ತಾರು ವರ್ಷ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಒಂದು ಮಾತು ಹೇಳುತ್ತಾರೆ. ಜಗಳದಲ್ಲಿ ಎದೆಬಡಿತ ನಿಮಿಷಕ್ಕೆ 100 ದಾಟಿತು ಅಂದರೆ ಎದುರಿನವರ ಮಾತು ಸರಿಯಾಗಿ ತಲೆಗೆ ಹೋಗುವುದಿಲ್ಲ. ತಣ್ಣಗಾಗಲು ಕನಿಷ್ಠ 20 ನಿಮಿಷ ಬೇಕು. ಆ ಹೊತ್ತಿನಲ್ಲಿ ಅಪ್ಪಾಜಿ ಎದ್ದು ಹೋದದ್ದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಕೂತಿದ್ದರೆ ಇನ್ನೂ ಕೆಟ್ಟ ಮಾತು ಬರುತ್ತಿತ್ತು. ನಿಮ್ಮ ಬಾಯಿಂದಲೋ ಅವರ ಬಾಯಿಂದಲೋ.

ಹಾಗಾದರೆ ಅಂಕಿಅಂಶ ಬೇಡವೇ? ಬೇಕು. ಎಸೆಯುವುದಕ್ಕಲ್ಲ. ಅಪ್ಪಾಜಿ ಮಾತಾಡುವಾಗ ಯಾವುದು ತಪ್ಪು ತಿಳಿವಳಿಕೆ, ಯಾವುದು ನಿಜವಾದ ಭಿನ್ನಾಭಿಪ್ರಾಯ ಅಂತ ನಿಮಗೆ ಗೊತ್ತಾಗಬೇಕು, ಅದಕ್ಕೆ. ಎರಡಕ್ಕೂ ಉತ್ತರ ಕೊಡುವ ರೀತಿ ಬೇರೆ ಬೇರೆ.

ತಮ್ಮನ ಸೀಟಿನಿಂದಲೇ ಶುರು ಮಾಡೋಣ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕಿಂತ ಹೆಚ್ಚು. ದೇಶದಲ್ಲಿದ್ದ ಎಂಬಿಬಿಎಸ್ ಸೀಟು ಸುಮಾರು 1.1 ಲಕ್ಷ. ಅಂದರೆ ನಾಳೆ ಬೆಳಿಗ್ಗೆ ಎಲ್ಲ ಮೀಸಲಾತಿ ತೆಗೆದರೂ 20 ಮಕ್ಕಳಲ್ಲಿ 19 ಮಕ್ಕಳಿಗೆ ಸೀಟಿಲ್ಲ. ಅದರಲ್ಲೂ ಖಾಸಗಿ ಕಾಲೇಜಿನ ಸೀಟಿಗೆ ಫೀಸು ಕಟ್ಟುವ ಶಕ್ತಿ ಎಷ್ಟು ಮನೆಗಿದೆ? ಸರ್ಕಾರಿ ಸೀಟು ಕಡಿಮೆ, ಬರೆಯುವವರು ಲಕ್ಷಗಟ್ಟಲೆ. ನಿಮ್ಮ ತಮ್ಮ ಆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ. ಅವನ ಜಾಗದಲ್ಲಿ ಇನ್ನೊಂದು ಜಾತಿಯ ಹುಡುಗ ಬಂದು ಕೂತ ಅನ್ನುವಷ್ಟು ಸರಳವಾದ ಲೆಕ್ಕ ಅದಲ್ಲ. ಈ ಒಂದು ವಿಷಯವನ್ನು ಅಪ್ಪಾಜಿಗೆ ಯಾವತ್ತಾದರೂ ಹೇಳಿ. ಇದು ಅವರಿಗೂ ನೆಮ್ಮದಿ ಕೊಡುವ ಸತ್ಯ. ‘ನಿಮ್ಮ ಮಗ ದಡ್ಡ ಅಲ್ಲ, ನೀವು ಕಮ್ಮಿ ಮಾಡಲಿಲ್ಲ’ ಅನ್ನುವ ಮಾತು ಇದರ ಒಳಗೇ ಇದೆ.

‘ಕತ್ತರಿ ಹಿಡಿಯೋಕೆ ಬರಲ್ಲ’ ಅನ್ನುವುದು ಸುಳ್ಳು. ಮೀಸಲಾತಿ ಇರುವುದು ಕಾಲೇಜಿನ ಬಾಗಿಲಲ್ಲಿ. ಒಳಗೆ ಹೋದ ಮೇಲೆ ಎಲ್ಲರಿಗೂ ಅದೇ ಪಾಠ, ಅದೇ ಪರೀಕ್ಷೆ, ಪಾಸಾಗಲು ಅಷ್ಟೇ ಅಂಕ. ಎಂಬಿಬಿಎಸ್ ಫೈನಲ್ ಇಯರಿನಲ್ಲಿ ಜಾತಿ ನೋಡಿ ಯಾರನ್ನೂ ಪಾಸು ಮಾಡುವುದಿಲ್ಲ.

‘ಹತ್ತು ವರ್ಷಕ್ಕೆ ಅಂತ ಕೊಟ್ಟಿದ್ದು’ ಅನ್ನುವ ಮಾತೂ ನಿಮ್ಮ ಮನೆಯಲ್ಲಿ ಬಂದಿರಬಹುದು. ನನ್ನ ಮುಂದೆ ಕೂತವರಲ್ಲಿ ಅರ್ಧ ಜನ ಇದನ್ನು ಹೇಳುತ್ತಾರೆ. ಸಂವಿಧಾನದ 334ನೇ ವಿಧಿಯಲ್ಲಿ 10 ವರ್ಷದ ಗಡುವು ಇದ್ದದ್ದು ಲೋಕಸಭೆ, ವಿಧಾನಸಭೆಯ ಮೀಸಲು ಸೀಟುಗಳಿಗೆ. ಸಂಸತ್ತು ಅದನ್ನು ವಿಸ್ತರಿಸುತ್ತ ಬಂದಿದೆ, ಈಗ 2030ರವರೆಗೆ ಇದೆ. ಓದು, ಕೆಲಸದ ಮೀಸಲಾತಿಗೆ ಸಂವಿಧಾನದಲ್ಲಿ ಅಂಥ ಗಡುವು ಇಲ್ಲ. ಹೇಳುವವರು ಬೇಕಂತಲೇ ಸುಳ್ಳು ಹೇಳುತ್ತಿಲ್ಲ. ಎರಡು ಬೇರೆ ವಿಷಯ ಒಂದಾಗಿ ಹರಡಿಬಿಟ್ಟಿದೆ.

ಇನ್ನು ನಿಮ್ಮ 3ಬಿ. ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳಿಗೆ ಒಟ್ಟು ಶೇ 32ರಷ್ಟು ಮೀಸಲಾತಿ ಇದೆ. ಅದರಲ್ಲಿ ಒಕ್ಕಲಿಗರು ಇರುವ 3ಎಗೆ ಶೇ 4, ಲಿಂಗಾಯತರು ಇರುವ 3ಬಿಗೆ ಶೇ 5. ಹಳ್ಳಿಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದವರಿಗೆ ಬೇರೆ ಮೀಸಲು ಇದೆ. ಮೇಲ್ಜಾತಿಯ ಬಡವರಿಗೆ ಶೇ 10 ಕೊಡುವ ತಿದ್ದುಪಡಿ 2019ರಲ್ಲಿ ಬಂತು, ಸುಪ್ರೀಂ ಕೋರ್ಟ್ 2022ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೂ ‘ಕೋಟಾ’ ಅಂದ ಕೂಡಲೇ ಜನರ ಕಣ್ಣಿಗೆ ಬರುವವರು ದಲಿತರು ಮಾತ್ರ. ಸರ್ಟಿಫಿಕೇಟು ನಮ್ಮ ಕಪಾಟಿನಲ್ಲಿದ್ದರೆ ಅದು ‘ಸವಲತ್ತು’, ಇನ್ನೊಬ್ಬರ ಕೈಯಲ್ಲಿದ್ದರೆ ‘ಕೋಟಾ’. ನಿಮ್ಮ ಸಿಟ್ಟಿಗೆ ಇದೇ ಕಾರಣ, ನನಗೆ ಅರ್ಥವಾಗುತ್ತದೆ.

ಇದು ಹೊಸ ಜಗಳವೂ ಅಲ್ಲ. ನಿಮ್ಮ ತಿಪಟೂರು ಹಳೇ ಮೈಸೂರು ಸೀಮೆಯದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಒಂದು ಸಮಿತಿ ಮಾಡಿದರು. ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣರೇ ತುಂಬಿದ್ದರು, ಉಳಿದವರಿಗೆ ಜಾಗ ಹೇಗೆ ಅನ್ನುವುದು ಪ್ರಶ್ನೆ. ಆಗ ಹಿಂದುಳಿದವರು ಅಂತ ಕರೆಸಿಕೊಂಡವರಲ್ಲಿ ಲಿಂಗಾಯತರು, ಒಕ್ಕಲಿಗರು ಎಲ್ಲರೂ ಇದ್ದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅರ್ಹತೆ ಕುಸಿಯುತ್ತದೆ, ಆಡಳಿತ ಕೆಡುತ್ತದೆ ಅನ್ನುವುದು ಅವರ ಆತಂಕ. ಅದೇ ವರ್ಷದ ಕೊನೆಗೆ ಅವರು ದಿವಾನಗಿರಿ ಬಿಟ್ಟರು. ಮಹಾರಾಜರು ತಮ್ಮ ದಾರಿ ಬಿಡಲಿಲ್ಲ. 1919ರಲ್ಲಿ ವರದಿ ಬಂತು, ಮುಂದೆ ಜಾರಿಗೂ ಬಂತು. ಆಮೇಲೆ 1923ರಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆ ತೊಂದರೆಯಲ್ಲಿದ್ದಾಗ ಅದನ್ನು ನಡೆಸಲು ಬಂದವರು ಇದೇ ವಿಶ್ವೇಶ್ವರಯ್ಯನವರು. ಅದೇ ಮಹಾರಾಜರ ರಾಜ್ಯಕ್ಕೆ. ಅಷ್ಟು ದೊಡ್ಡ ವಿಷಯದಲ್ಲಿ ಇಬ್ಬರ ದಾರಿ ಬೇರೆಯಾಗಿತ್ತು, ಮತ್ತೆ ಕೆಲಸಕ್ಕೆ ಕೂಡಿದರು. ಅಪ್ಪಾಜಿಗೆ ಇತಿಹಾಸದಲ್ಲಿ ಆಸಕ್ತಿ ಇದ್ದರೆ ಈ ಕಥೆ ಹೇಳಿ. ‘ನೂರು ವರ್ಷದ ಹಿಂದೆ ನಮ್ಮ ಹಿರಿಯರ ಬಗ್ಗೆಯೂ ಅರ್ಹತೆ ಇಲ್ಲ ಅಂತಿದ್ದರಂತೆ’ ಅನ್ನುವ ಮಾತು ಮಗಳು ಸೋಲಿಸಲು ಹೇಳಿದ ಹಾಗೆ ಕೇಳುವುದಿಲ್ಲ.

ಇಷ್ಟು ತಪ್ಪು-ಸರಿ ಲೆಕ್ಕ. ಆದರೆ ಪ್ರಾಮಾಣಿಕ ಜನರೇ ಒಪ್ಪದ ಪ್ರಶ್ನೆಗಳೂ ಇವೆ. ಆದಾಯವನ್ನು ಎಷ್ಟರಮಟ್ಟಿಗೆ ನೋಡಬೇಕು? ಒಂದು ಸಲ ಮುಂದೆ ಬಂದ ಮನೆಯ ಮಕ್ಕಳಿಗೂ ಕೊಡಬೇಕಾ? ಪರಿಶಿಷ್ಟ ಜಾತಿಗಳ ಒಳಗೆ ಯಾರಿಗೆ ಎಷ್ಟು? ಒಳಮೀಸಲಾತಿ ಬಗ್ಗೆ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2024ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಾಗಲೂ ಏಳೂ ಜನ ಒಂದೇ ಮಾತು ಹೇಳಲಿಲ್ಲ. ಅಪ್ಪಾಜಿ ಇಂಥ ಪ್ರಶ್ನೆಯಲ್ಲಿ ನಿಮ್ಮ ಎದುರು ಬದಿಗೆ ನಿಂತರೆ ಅವರು ಕೆಟ್ಟವರಾಗುವುದಿಲ್ಲ. ಅವರ ಮಾತು ಕೇಳಿ ನಿಮ್ಮ ಅಭಿಪ್ರಾಯ ಸ್ವಲ್ಪ ಬದಲಾದರೂ ನೀವು ಗೆಳತಿಗೆ ಮೋಸ ಮಾಡಿದ ಹಾಗಲ್ಲ.

ಗೆರೆ ಬೇರೆ ಕಡೆ ಇದೆ. ‘ಮೀಸಲಾತಿ ಹೀಗಿರಬೇಕು, ಹಾಗಿರಬೇಕು’ ಅನ್ನುವುದು ಅಭಿಪ್ರಾಯ. ‘ಆ ಜನರ ಕೈಯಲ್ಲಿ ಜೀವ ಉಳಿಯಲ್ಲ’ ಅನ್ನುವುದು ಅಭಿಪ್ರಾಯವಲ್ಲ, ಹುಟ್ಟಿನ ಮೇಲೆ ಹಾಕಿದ ಮುದ್ರೆ. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಸುಮಾರು ಶೇ 27 ಮನೆಗಳು ತಾವು ಯಾವುದಾದರೂ ರೀತಿಯಲ್ಲಿ ಅಸ್ಪೃಶ್ಯತೆ ಆಚರಿಸುತ್ತೇವೆ ಅಂತ ತಾವಾಗಿಯೇ ಒಪ್ಪಿಕೊಂಡವು. ಕೇಳಲು ಬಂದ ಅಪರಿಚಿತರ ಮುಂದೆ ಒಪ್ಪಿಕೊಂಡವರ ಲೆಕ್ಕ ಇದು. ನಿಮ್ಮ ಗೆಳತಿ ಬೆಳೆದದ್ದು ಇದರ ನಡುವೆ. ಅವಳು ಎಲೆ ಮುಂದೆ ತಲೆ ಎತ್ತದೆ ಕೂತದ್ದು ಆ ಒಂದು ಮಾತಿಗೆ ಮಾತ್ರ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಅಂಥ ಮಾತನ್ನು ಆ ಕ್ಷಣದಲ್ಲೇ ನಿಲ್ಲಿಸುವ ಹಕ್ಕು ನಿಮಗಿದೆ. ಅಭಿಪ್ರಾಯವನ್ನು ನಿಲ್ಲಿಸುವುದಲ್ಲ, ಕೂತು ಕೇಳಬೇಕು.

ಈಗ ಏನು ಮಾಡಬಹುದು ಅನ್ನುವುದಕ್ಕೆ ಬರುತ್ತೇನೆ.

ಮೊದಲು ಗೆಳತಿ, ಅಪ್ಪಾಜಿ ಆಮೇಲೆ. ಅವಳ ಹತ್ತಿರ ಹೋಗಿ ನಿಮ್ಮ ಕಡೆಯ ತಪ್ಪು ಹೇಳಿ. ‘ನಮ್ಮ ಮನೆಯಲ್ಲಿ ಇಂಥ ಮಾತು ಬರಬಹುದು ಅಂತ ನನಗೆ ಗೊತ್ತಿತ್ತು. ನಿನಗೆ ಹೇಳದೆ ಕರೆದುಕೊಂಡು ಹೋದೆ. ನಿನ್ನನ್ನು ನಡುವೆ ಕೂರಿಸಿಕೊಂಡು ಜಗಳ ಆಡಿದೆ. ನಿನಗೆ ಏನಾಗ್ತಿದೆ ಅಂತ ಆಗ ಒಂದು ಸಲವೂ ಕೇಳಲಿಲ್ಲ.’ ಇಷ್ಟು ಸಾಕು. ‘ನಮ್ಮಪ್ಪ ಒಳ್ಳೆಯವರು ಕಣೇ’ ಅಂತ ಸೇರಿಸಬೇಡಿ. ಆಗ ನಿಮಗೆ ಸಮಾಧಾನ ಹೇಳುವ ಕೆಲಸವೂ ಅವಳ ತಲೆಗೇ ಬೀಳುತ್ತದೆ. ಅವಳು ಮಾತಾಡಿದರೆ ಕೇಳಿ. ಮಾತಾಡದಿದ್ದರೆ ಒತ್ತಾಯ ಬೇಡ. ಮತ್ತೆ ನಿಮ್ಮ ಊರಿಗೆ ಬರುವುದು ಬಿಡುವುದು ಅವಳಿಷ್ಟ. ಇದರಲ್ಲಿ ಅಪಾಯವೂ ಇದೆ. ಅವಳು ‘ಪರವಾಗಿಲ್ಲ ಬಿಡು’ ಅಂದುಬಿಡಬಹುದು, ಸ್ನೇಹ ಮೊದಲಿನ ಹಾಗೆ ಆಗದೇ ಹೋಗಬಹುದು. ಆದರೂ ಕ್ಷಮೆ ಕೇಳಬೇಕು.

ಇನ್ನೊಂದು ಮುಖ್ಯ ವಿಷಯ. ಅಪ್ಪಾಜಿ ಮನಸ್ಸು ಬದಲಿಸಲು ಅವಳ ಕಥೆ, ಅವಳ ರ‍್ಯಾಂಕ್, ಅವಳ ಸಂಬಳ ಯಾವುದನ್ನೂ ಅವಳನ್ನು ಕೇಳದೆ ಬಳಸಬೇಡಿ. ‘ನೋಡಿ, ಇವಳೂ ಕೋಟಾದವಳೇ, ಎಷ್ಟು ಚೆನ್ನಾಗಿ ಕೆಲಸ ಮಾಡ್ತಾಳೆ’ ಅನ್ನುವ ಮಾತು ಹೊಗಳಿಕೆಯ ಹಾಗೆ ಕಾಣುತ್ತದೆ. ಕೇಳುವವಳಿಗೆ ಅದು ಇನ್ನೊಂದು ಪರೀಕ್ಷೆ.

ಅಪ್ಪಾಜಿ ವಿಷಯದಲ್ಲಿ ಸುಮ್ಮನಿದ್ದುಬಿಡುವುದು ಒಂದು ದಾರಿ. ಅದನ್ನು ಹೇಡಿತನ ಅಂತ ನಾನು ಕರೆಯುವುದಿಲ್ಲ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಮದುವೆ ಮುಂದಿದೆ ಅಂದರೆ ಕೆಲವು ತಿಂಗಳು ಸುಮ್ಮನಿರಬಹುದು. ಆದರೆ ವರ್ಷಗಟ್ಟಲೆ ಸುಮ್ಮನಿದ್ದರೆ ಮನೆಯವರು ಅದನ್ನು ಒಪ್ಪಿಗೆ ಅಂದುಕೊಳ್ಳುತ್ತಾರೆ. ನೀವು ಊರಿಗೆ ಹೋಗುವುದನ್ನೇ ಕಮ್ಮಿ ಮಾಡುತ್ತೀರಿ. ಕಾರಣ ಯಾರಿಗೂ ಗೊತ್ತಾಗುವುದಿಲ್ಲ. ಹೀಗೆ ಸದ್ದಿಲ್ಲದೆ ದೂರವಾದ ಮಕ್ಕಳನ್ನು ನಾನು ಜಗಳವಾಡಿದ ಮಕ್ಕಳಿಗಿಂತ ಜಾಸ್ತಿ ನೋಡಿದ್ದೇನೆ.

ವಾದ ಮಾಡಿ ಗೆಲ್ಲುವ ದಾರಿಯನ್ನು ನೀವು ನೋಡಿದ್ದೀರಿ.

ಮೂರನೆಯ ದಾರಿಯೇ ನಿಮಗೆ ಸರಿ ಅಂತ ನನಗೆ ಅನ್ನಿಸುತ್ತದೆ. ಅವರ ಕಥೆ ಕೇಳುವುದು, ನಿಮ್ಮ ಕಥೆ ಹೇಳುವುದು. 2018ರ ಸೆಪ್ಟೆಂಬರಿನಲ್ಲಿ, ಎಲ್ಲ ವಯಸ್ಸಿನ ಹೆಂಗಸರೂ ದೇವಸ್ಥಾನದ ಒಳಗೆ ಹೋಗಬಹುದು ಅನ್ನುವ ಶಬರಿಮಲೆ ತೀರ್ಪು ಬಂದ ಮೇಲೆ ಒಬ್ಬ ತಾಯಿ, ಮಗಳು ನನ್ನ ಹತ್ತಿರ ಬಂದಿದ್ದರು. ಮಗಳು ತೀರ್ಪಿನ ಪರ, ತಾಯಿ ವಿರುದ್ಧ. ಎರಡು ತಿಂಗಳಿಂದ ಮಾತಿಲ್ಲ. ನಾನು ತೀರ್ಪಿನ ಬಗ್ಗೆ ಏನೂ ಕೇಳಲಿಲ್ಲ. ‘ಅಮ್ಮ, ನೀವು ಮೊದಲ ಸಲ ಹೊರಗೆ ಕೂತದ್ದು ನೆನಪಿದೆಯಾ?’ ಅಂತ ಕೇಳಿದೆ. ಆಕೆ ಮುಕ್ಕಾಲು ಗಂಟೆ ಮಾತಾಡಿದರು. ಹಿತ್ತಲ ಕೋಣೆ, ಬೇರೆ ತಟ್ಟೆ, ಪರೀಕ್ಷೆಯ ದಿನವೂ ಒಳಗೆ ಬಂದು ಪುಸ್ತಕ ತೆಗೆದುಕೊಳ್ಳಲಾಗದೆ ಅತ್ತದ್ದು. ಕೊನೆಗೆ, ‘ನಾನು ಅಷ್ಟು ವರ್ಷ ತಡ್ಕೊಂಡಿದ್ದೆಲ್ಲ ಸುಮ್ನೆ ಅಂತ ಇವಳು ಹೇಳಿದ ಹಾಗಾಯ್ತು’ ಅಂದರು. ಮಗಳು ಆ ಕಥೆಯನ್ನು ಅದೇ ಮೊದಲು ಕೇಳಿದ್ದು. ತಾಯಿ ದೇವಸ್ಥಾನದ ಬಗ್ಗೆ ತಮ್ಮ ಅಭಿಪ್ರಾಯ ಬದಲಿಸಲಿಲ್ಲ. ಆದರೆ ಇಬ್ಬರೂ ಒಂದೇ ಆಟೋದಲ್ಲಿ ಮನೆಗೆ ಹೋದರು.

ಇದರ ಬಗ್ಗೆ ಗಟ್ಟಿಯಾದ ಅಧ್ಯಯನವೂ ಇದೆ. ಅಮೆರಿಕದ ಮಯಾಮಿಯಲ್ಲಿ ಡೇವಿಡ್ ಬ್ರೂಕ್‌ಮನ್, ಜೋಶುವಾ ಕಲ್ಲಾ ಎಂಬ ಸಂಶೋಧಕರು ಮಾಡಿದ ಅಧ್ಯಯನ 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ವಿಷಯ ಟ್ರಾನ್ಸ್‌ಜೆಂಡರ್ ಜನರ ಬಗ್ಗೆ ಇರುವ ಪೂರ್ವಗ್ರಹ. ಕಾರ್ಯಕರ್ತರು ಮನೆ ಬಾಗಿಲಿಗೆ ಹೋಗಿ ಸುಮಾರು 10 ನಿಮಿಷ ಮಾತಾಡಿದರು. ನಿಮ್ಮನ್ನು ಯಾರಾದರೂ ಬೇರೆಯವರು ಅಂತ ಕೀಳಾಗಿ ಕಂಡದ್ದು ಉಂಟಾ ಅಂತ ಕೇಳಿದರು, ಉತ್ತರವನ್ನು ಕೇಳಿಸಿಕೊಂಡರು. ಎಲ್ಲರೂ ಬದಲಾಗಲಿಲ್ಲ. ಆದರೆ ಒಟ್ಟಾರೆ ಪೂರ್ವಗ್ರಹ ಕಡಿಮೆಯಾಗಿತ್ತು, ಮೂರು ತಿಂಗಳ ನಂತರವೂ ಹಾಗೇ ಇತ್ತು. ತಪ್ಪು ಹಿಡಿಯದೆ ಪರಸ್ಪರ ಅನುಭವ ಹೇಳಿಕೊಳ್ಳುವುದೇ ಇಲ್ಲಿ ಕೆಲಸ ಮಾಡುವ ಅಂಶ ಅಂತ ಅವರೇ 2020ರಲ್ಲಿ ಇನ್ನೊಂದು ಅಧ್ಯಯನದಲ್ಲಿ ತೋರಿಸಿದರು. ಒಂದು ವ್ಯತ್ಯಾಸ ಮರೆಯಬೇಡಿ. ಅಲ್ಲಿ ಬಾಗಿಲು ತಟ್ಟಿದವರು ಅಪರಿಚಿತರು. ನೀವು ಮಗಳು. ನಿಮ್ಮ ನಡುವೆ 32 ವರ್ಷದ ಪ್ರೀತಿ, ಬೇಜಾರು ಎರಡೂ ಇದೆ. 10 ನಿಮಿಷದಲ್ಲಿ ಮುಗಿಯುವುದಿಲ್ಲ.

ಎಲ್ಲಿ ಮಾತಾಡಬೇಕು ಅನ್ನುವುದು ಏನು ಮಾತಾಡಬೇಕು ಅನ್ನುವಷ್ಟೇ ಮುಖ್ಯ. ಫೋನಿನಲ್ಲಿ ಬೇಡ. ಮನೆಯ ವಾಟ್ಸಾಪ್ ಗ್ರೂಪಿನಲ್ಲಂತೂ ಬೇಡವೇ ಬೇಡ, ಅಲ್ಲಿ ನೋಡುವವರಿಗಾಗಿ ಮಾತಾಡುತ್ತೇವೆ. ಎದುರುಬದುರು ಕೂರುವುದೂ ಬೇಡ. ನಮ್ಮ ಕಡೆಯ ಅಪ್ಪಂದಿರು ಮುಖ ನೋಡಿಕೊಂಡು ಮನಸ್ಸಿನ ಮಾತು ಆಡುವುದು ಕಡಿಮೆ. ಕೈಗೆ ಕೆಲಸ ಇದ್ದಾಗ ಆಡುತ್ತಾರೆ. ಕಾಯಿ ಕೆಡವಿಸುವ ದಿನ ತೋಟಕ್ಕೆ ಹೋಗಿ, ಪಕ್ಕದಲ್ಲಿ ನಿಂತು ಆರಿಸಿ ಗುಡ್ಡೆ ಹಾಕಿ.

ಮೊದಲ ಮಾತು ಕ್ಷಮೆಯದು. ಆದರೆ ಯಾವುದಕ್ಕೆ ಅಂತ ಸ್ಪಷ್ಟವಾಗಿರಲಿ. ‘ಅಪ್ಪಾಜಿ, ಎಲ್ಲರ ಎದುರು ನಾಚಿಕೆ ಆಗಲ್ವಾ ಅಂದೆ. ಹಾಗೆ ಅನ್ನಬಾರದಿತ್ತು. ತಪ್ಪಾಯ್ತು.’ ಹೇಳಿದ ರೀತಿಗೆ ಕ್ಷಮೆ ಕೇಳಿ, ಹೇಳಿದ ವಿಷಯಕ್ಕಲ್ಲ. ‘ಆದರೆ’ ಅಂತ ಮುಂದುವರಿಸಬೇಡಿ. ‘ಆದರೆ’ ಬಂದ ಕೂಡಲೇ ಕ್ಷಮೆ ಕರಗಿಹೋಗುತ್ತದೆ. ಅವತ್ತಿಗೆ ಅಷ್ಟೇ ಸಾಕು ಅನ್ನಿಸಿದರೆ ಅಷ್ಟಕ್ಕೇ ನಿಲ್ಲಿಸಿ.

ಇನ್ನೊಂದು ದಿನ ಕೇಳಿ. ‘ತಮ್ಮನ ರಿಸಲ್ಟ್ ಬಂದ ದಿನ ನಾನು ಬೆಂಗಳೂರಿನಲ್ಲಿದ್ದೆ. ನಿಮಗೆ ಹೇಗಾಯ್ತು ಅವತ್ತು?’ ಇದು ಉಪಾಯಕ್ಕೆ ಕೇಳುವ ಪ್ರಶ್ನೆ ಆಗಬಾರದು. ನಿಮಗೆ ನಿಜವಾಗಿ ಗೊತ್ತಾಗಬೇಕು ಅಂತ ಇದ್ದರೆ ಮಾತ್ರ ಕೇಳಿ. ಅವರು ಹೇಳುವಾಗ ನಡುವೆ ತಿದ್ದಬೇಡಿ, ಒಂದು ಅಂಕಿ ತಪ್ಪಿದರೂ ಬಿಡಿ. ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ವಾಪಸ್ ಹೇಳಿ. ‘ಇಷ್ಟು ಖರ್ಚು ಮಾಡಿದರೂ ಅವನಿಗೆ ಏನೂ ಮಾಡೋಕಾಗಲಿಲ್ಲ ಅಂತ ನಿಮಗೆ ಕೊರಗು ಅಲ್ವಾ?’ ಅವರು ಹೌದು ಅಂದರೆ ನಿಮ್ಮ ಸರದಿ. ‘ಅವತ್ತು ಊಟಕ್ಕೆ ಕೂತಾಗ ನನ್ನ ಗೆಳತಿ ತಲೆ ಎತ್ತಲಿಲ್ಲ ಅಪ್ಪಾಜಿ. ನಮ್ಮ ಮನೆಗೆ ಬಂದ ಹುಡುಗಿ ಹಾಗೆ ಕೂತಿದ್ದು ನನಗೆ ತಡ್ಕೊಳ್ಳೋಕಾಗಲಿಲ್ಲ.’ ಅವಳ ಜಾತಿಯನ್ನು ಅವಳು ಒಪ್ಪಿದರೆ ಮಾತ್ರ ಹೇಳಿ. ಮನೆಗೆ ಬಂದವರಿಗೆ ನೋವಾಗಬಾರದು ಅನ್ನುವ ಮಾತು ನಿಮ್ಮ ಅಪ್ಪಾಜಿಗೆ ಹೊಸದಲ್ಲ. ಅದನ್ನು ನಿಮಗೆ ಕಲಿಸಿದವರು ಅವರೇ ಇರಬೇಕು.

ಈ ದಾರಿಯಲ್ಲೂ ಅಪಾಯ ಇದೆ. ಅವರು ಇನ್ನೂ ಕಟುವಾದ ಮಾತು ಆಡಬಹುದು. ಗೆಳತಿಯ ಜಾತಿ ಗೊತ್ತಾದ ಮೇಲೆ ‘ಯಾಕೆ ಹೇಳದೆ ಕರ್ಕೊಂಡು ಬಂದೆ’ ಅಂತ ಕೇಳಬಹುದು. ಆಗ ನಿಮಗೆ ನಿಮ್ಮ ಮನೆಯ ಬಗ್ಗೆ ಇಷ್ಟವಿಲ್ಲದ ಒಂದು ಸತ್ಯ ತಿಳಿಯುತ್ತದೆ. ಅದಕ್ಕೆ ಮನಸ್ಸು ತಯಾರಿರಲಿ. ಅಂಥ ಮಾತಿಗೆ ‘ಇದನ್ನು ನಾನು ಒಪ್ಪಲ್ಲ ಅಪ್ಪಾಜಿ’ ಅಂತ ಒಂದೇ ಸಲ, ಕೂಗದೆ ಹೇಳಿ.

ಚಿಕ್ಕಪ್ಪನ ವಿಷಯ ಬೇರೆ. ಅವರ ಮನಸ್ಸು ತಿದ್ದುವ ಜವಾಬ್ದಾರಿ ನಿಮ್ಮದಲ್ಲ. ಪಂಕ್ತಿಯಲ್ಲಿ ಮತ್ತೆ ಅಂಥ ಮಾತು ಬಂದರೆ ಚಿಕ್ಕದಾಗಿ ನಿಲ್ಲಿಸಿ. ‘ಚಿಕ್ಕಪ್ಪ, ಊಟಕ್ಕೆ ಕೂತವರ ಎದುರು ಈ ಮಾತು ಬೇಡ. ಆಮೇಲೆ ನಾವಿಬ್ಬರೇ ಮಾತಾಡೋಣ.’ ಹೇಳಿ ಅಮ್ಮನಿಗೋ ತಮ್ಮನಿಗೋ ಬೇರೆ ಏನಾದರೂ ಕೇಳಿ. ಅವರಿಗೆ ಮುಖಭಂಗ ಆಗಬಹುದು, ಒಂದೆರಡು ಹಬ್ಬಕ್ಕೆ ಬಿಗುವಾಗಿ ಇರಬಹುದು. ಅಷ್ಟು ಬೆಲೆ ಕೊಡಬಹುದು ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಆ ಮಾತು ಕೇಳಿಸಿಕೊಳ್ಳುತ್ತಿರುವವರಲ್ಲಿ ಮನೆಯ ಚಿಕ್ಕ ಮಕ್ಕಳೂ ಇರುತ್ತಾರೆ.

ತಮ್ಮನನ್ನು ಮರೆಯಬೇಡಿ. ಇಡೀ ಜಗಳ ಅವನ ಹೆಸರಿನಲ್ಲಿ ನಡೆಯಿತು, ಅವನನ್ನು ಯಾರೂ ಏನೂ ಕೇಳಲಿಲ್ಲ. ಎರಡು ಸಲ ಸೋತೆ ಅಂತ ಅವನಿಗೆ ಮನೆಯವರೆಲ್ಲ ಮತ್ತೆ ನೆನಪಿಸಿದರು. ಅವನಿಗೆ ಆಯುರ್ವೇದ ಇಷ್ಟವಾಗಿದೆಯೋ ಏನೋ. ಒಂದು ಸಂಜೆ ಫೋನ್ ಮಾಡಿ ಕೇಳಿ. ಅಪ್ಪಾಜಿ ಎದುರು ‘ನನಗೆ ಈ ಓದು ಹಿಡಿಸಿದೆ’ ಅಂತ ಅವನು ಹೇಳಿದ ದಿನ ಆ ಕೊರಗು ಅರ್ಧ ಇಳಿಯಬಹುದು.

ಗೌರಿ ಹಬ್ಬಕ್ಕೆ ಇನ್ನೂ ಸಮಯ ಇದೆ. ಹಬ್ಬದ ಗದ್ದಲದ ಹೊತ್ತಿಗೆ ಹೋಗಬೇಡಿ, ಅದಕ್ಕೆ ಮುಂಚೆ ಸಾಧಾರಣ ಶನಿವಾರವೊಂದು ಊರಿಗೆ ಹೋಗಿ ಬನ್ನಿ. ಮೊದಲ ದಿನ ಈ ವಿಷಯ ಎತ್ತಬೇಡಿ. ಅಪ್ಪಾಜಿ ಮಾತಾಡದಿದ್ದರೂ ಕಾಫಿ ನೀವೇ ತೆಗೆದುಕೊಂಡು ಹೋಗಿ ಕೊಡಿ. ಮಾತಿನ ನಡುವೆ ಅವರು ಎದ್ದು ಹೋದರೆ ಹಿಂದೆ ಹೋಗಬೇಡಿ. ‘ಸಂಜೆ ನಾನೂ ತೋಟಕ್ಕೆ ಬರ್ತೀನಿ’ ಅಂತ ಮಾತ್ರ ಹೇಳಿ, ಹೇಳಿದ ಹಾಗೆ ಹೋಗಿ.